ನೂರು ವರ್ಷದ ಮನೆ: ಕೆಡವುವ ಮೊದಲು ನೀರಿನ ದಾರಿ ಹುಡುಕಿ

ಓದುಗರ ಪ್ರಶ್ನೆ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯಿದೆ. ಬಾಗಿಲ ಮೇಲೆ ಗಾರೆಯಲ್ಲಿ 1924 ಎಂದು ಮೂಡಿಸಿದ್ದಾರೆ. ಕೆಳಗೆ ಬೀದಿಗೆ ಮೂರು ಮಳಿಗೆಗಳು, ಬಾಡಿಗೆಗೆ ಕೊಟ್ಟು ನಲವತ್ತು ವರ್ಷವಾಯಿತು. ಮೇಲೆ ನಾನು ಮತ್ತು ನನ್ನ ತಾಯಿ ಇದ್ದೇವೆ; ಅವರಿಗೆ 78. ಹಿಂಬದಿಯ ಕೋಣೆಯ ಮಾಳಿಗೆ ಹತ್ತು ವರ್ಷದಿಂದ ಸೋರುತ್ತಿದೆ. ಎರಡು ಸಲ ಮೇಲೆ ಸಿಮೆಂಟು ಹಾಕಿಸಿದೆವು. ಸೋರುವ ಜಾಗ ಬದಲಾಯಿತೇ ಹೊರತು ಸೋರುವುದು ನಿಲ್ಲಲಿಲ್ಲ. ಅದೇ ಮಾಳಿಗೆಯ ಮೇಲೆ ಸಾವಿರ ಲೀಟರಿನ ಎರಡು ಟ್ಯಾಂಕ್‌ಗಳಿವೆ. ನಡುವಿನ ಮಳಿಗೆಯವರು ಅಂಗಡಿ ಅಗಲ ಮಾಡಲು ಗೋಡೆಯ ಒಂದು ಭಾಗ ತೆಗೆದು ಕಬ್ಬಿಣದ ತೊಲೆ ಕೊಟ್ಟಿದ್ದಾರೆ. ಅದರ ನೇರ ಮೇಲೆ ನಮ್ಮ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ನಾನು ಚಿಕ್ಕವಳಿದ್ದಾಗ ಬೀದಿಯಿಂದ ಜಗಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದೇ ಉಳಿದಿದೆ.

ಒಬ್ಬ ಇಂಜಿನಿಯರ್ ಬಂದು ಸುತ್ತಿಗೆಯಂಥ ಯಂತ್ರವನ್ನು ಗೋಡೆಗೆ ಒತ್ತಿ ನೋಡಿ, "ಬಲವೇ ಇಲ್ಲ, ಆಯುಷ್ಯ ಮುಗಿದಿದೆ" ಎಂದರು. ಬೆಂಗಳೂರಿನಲ್ಲಿರುವ ತಮ್ಮ, ಪಾರಂಪರಿಕ ಪಟ್ಟಿಗೆ ಸೇರಿದರೆ ಸರ್ಕಾರ ಕಿತ್ತುಕೊಳ್ಳುತ್ತದೆ, ಅದಕ್ಕೂ ಮೊದಲೇ ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟೋಣ ಎನ್ನುತ್ತಾನೆ. ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದ ದಿನದಿಂದ ತಾಯಿ ಜೋರು ಮಳೆ ಬಂದರೆ ನಿದ್ದೆ ಮಾಡುವುದಿಲ್ಲ. ಸುತ್ತ ಹಳೆಯ ಮನೆಗಳು ಒಂದೊಂದೇ ಹೋಗುತ್ತಿವೆ. ಈ ಹಳೆಯ ಪೇಟೆ ಮತ್ತೆ ಚೇತರಿಸಿಕೊಳ್ಳುತ್ತದೆಯೇ, ಅಥವಾ ನಾವು ಸುಮ್ಮನೆ ನೆನಪುಗಳಿಗೆ ಅಂಟಿಕೊಂಡಿದ್ದೇವೆಯೇ?

ಉತ್ತರ

ಮೊದಲು ಇವತ್ತೇ ಮಾಡಬೇಕಾದ ಕೆಲಸ. ಆ ಎರಡು ಟ್ಯಾಂಕ್‌ಗಳನ್ನು ಖಾಲಿ ಮಾಡಿಸಿ. ಸಾವಿರ ಲೀಟರ್ ನೀರೆಂದರೆ ಒಂದು ಟನ್. ಎರಡು ಟ್ಯಾಂಕ್ ಸೇರಿದರೆ ಹತ್ತು ವರ್ಷದಿಂದ ನೆನೆಯುತ್ತಿರುವ ಮಾಳಿಗೆಯ ಮೇಲೆ ಎರಡು ಟನ್ ಕೂತಿದೆ. ಸದ್ಯಕ್ಕೆ ಒಂದು ಚಿಕ್ಕ ಟ್ಯಾಂಕನ್ನು ನೆಲದ ಮೇಲಿಟ್ಟು ಪಂಪಿನಿಂದ ನೀರೆತ್ತಿಕೊಳ್ಳಿ. ಹಿಂಬದಿಯ ಆ ಕೋಣೆಯಲ್ಲಿ ಯಾರೂ ಮಲಗಬೇಡಿ, ಸಾಮಾನೂ ಇಡಬೇಡಿ. ಕೆಳಗೆ, ಗೋಡೆ ತೆಗೆದ ಮಳಿಗೆಯಲ್ಲಿ, ಆ ಕಬ್ಬಿಣದ ತೊಲೆಯ ಅಡಿಗೆ ಆಸರೆ ಕೊಡಿಸಬೇಕು. ಸೆಂಟ್ರಿಂಗ್ ಕೆಲಸದವರ ಬಳಿ ಕಬ್ಬಿಣದ ಜಾಕಿಗಳು ಬಾಡಿಗೆಗೆ ಸಿಗುತ್ತವೆ. ಆದರೆ ಅವುಗಳನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಬಿಗಿಯಬೇಕು ಎಂಬುದನ್ನು ಕಟ್ಟಡದ ಭಾರ ಬಲ್ಲ ಇಂಜಿನಿಯರ್ ನಿಂತು ತೋರಿಸಬೇಕು. ಅತಿಯಾಗಿ ಬಿಗಿದರೂ ಗೋಡೆ ಬಿರುಕು ಬಿಡುತ್ತದೆ. ಮನೆ ಉಳಿಸುವುದೋ ಕೆಡವುವುದೋ ಎಂಬ ಮಾತು ಇದಾದ ಮೇಲೆ. ನಿಮ್ಮ ತಾಯಿಯವರ ಭಯಕ್ಕೆ ಆಧಾರವಿದೆ. ಅದನ್ನು ಮುದಿವಯಸ್ಸಿನ ಕಳವಳ ಎಂದು ತಳ್ಳಿಹಾಕಬೇಡಿ.

ಇನ್ನು ಆ ಯಂತ್ರದ ವಿಷಯ. ನೀವು ಹೇಳುವುದನ್ನು ನೋಡಿದರೆ ಅದು ರಿಬೌಂಡ್ ಹ್ಯಾಮರ್. ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಎಂದು ಅಳೆಯಲು ಮಾಡಿದ ಸಾಧನ. ಅದರ ಅಂಕಿಗಳನ್ನು ಹೊಂದಿಸಿರುವುದೇ ಕಾಂಕ್ರೀಟಿಗೆ. ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಕಟ್ಟಿ, ಮೇಲೆ ಸುಣ್ಣದ ಗಿಲಾವು ಬಳಿದ ಗೋಡೆಗೆ ಅದನ್ನು ಒತ್ತಿದರೆ ಯಾವಾಗಲೂ ಕಡಿಮೆ ಅಂಕಿಯೇ ಬರುತ್ತದೆ. ಮೈಸೂರಿನಲ್ಲಿ ದೃಢವಾಗಿ ನಿಂತಿರುವ ಯಾವ ಹಳೆಯ ಮನೆಗೆ ಒತ್ತಿದರೂ ಅಷ್ಟೇ. ನಿಮ್ಮ ಗೋಡೆ ಒಂದೂವರೆ ಅಡಿಯೋ ಎರಡಡಿಯೋ ದಪ್ಪವಿರಬೇಕು. ಕಾಂಕ್ರೀಟಿನ ಒಂಬತ್ತು ಇಂಚಿನ ಕಂಬ ಹೊರುವ ಒತ್ತಡವನ್ನು ಅದು ಹೊರಬೇಕಾಗಿಯೇ ಇಲ್ಲ. ದಪ್ಪದಲ್ಲಿ ಭಾರವನ್ನು ಹರಡಿಕೊಂಡು ನಿಲ್ಲುವ ಗೋಡೆ ಅದು. ಆ ಇಂಜಿನಿಯರ್ ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷ ಕಾಂಕ್ರೀಟು ಕಲಿಸುತ್ತಾರೆ, ಸುಣ್ಣಕ್ಕೆ ಒಂದು ವಾರವೂ ಸಿಗುವುದಿಲ್ಲ. ಅವರಿಗೆ ಗೊತ್ತಿರುವ ಅಳತೆಗೋಲಿನಿಂದ ಅವರು ಅಳೆದಿದ್ದಾರೆ. ಆದರೆ ಆ ಒಂದು ವರದಿಯನ್ನು ನಂಬಿ ಮನೆ ಕೆಡವಬೇಡಿ.

"ಆಯುಷ್ಯ ಮುಗಿದಿದೆ" ಎಂಬ ಮಾತನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಔಷಧದ ಸೀಸೆಯ ಮೇಲಿರುವಂತೆ ಕಟ್ಟಡಕ್ಕೆ ಮುಗಿಯುವ ದಿನಾಂಕ ಇರುವುದಿಲ್ಲ. ನಿಮ್ಮ ಮನೆಗಿಂತ ಹಳೆಯ ಜಗನ್ಮೋಹನ ಅರಮನೆ 1861ರದು. ಚಿಕ್ಕ ಗಡಿಯಾರದ ಗೋಪುರ 1886ರದು. ಇನ್ನೊಂದು ಕಡೆ, 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕುಸಿದು ಹತ್ತಕ್ಕೂ ಹೆಚ್ಚು ಜನರ ಪ್ರಾಣ ತೆಗೆದದ್ದು ಇನ್ನೂ ಕಟ್ಟುತ್ತಿದ್ದ ಕಾಂಕ್ರೀಟ್ ಕಟ್ಟಡ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತೇವ ತಗುಲಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಚಪ್ಪಡಿಯೇ ಒಡೆಯುತ್ತದೆ. ನಲವತ್ತು ವರ್ಷಕ್ಕೇ ಹಾಗಾದ ಮನೆಗಳು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿವೆ.

ಹಾಗಾದರೆ ಲ್ಯಾನ್ಸ್‌ಡೌನ್ ಕಟ್ಟಡ ಏಕೆ ಬಿತ್ತು ಎಂದು ನಿಮ್ಮ ತಾಯಿ ಕೇಳುತ್ತಾರೆ. 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿಸಿದ್ದು ಅದು. ಕೆಳಗಿನ ಕಮಾನುಗಳಲ್ಲಿ ಹಳೆಯ ಪುಸ್ತಕ ಕೊಳ್ಳಲು ನಾನೂ ವಿದ್ಯಾರ್ಥಿಯಾಗಿದ್ದಾಗ ಅಲೆದಿದ್ದೇನೆ. 2012ರ ಆಗಸ್ಟ್ ಕೊನೆಯಲ್ಲಿ ಅದರ ಒಂದು ಭಾಗ ಬಿದ್ದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಎರಡೂ ಆಗಸ್ಟ್ ಕೊನೆಯ ವಾರದಲ್ಲಿ, ಮಘೆ ಮಳೆಯ ದಿನಗಳಲ್ಲಿ. ಮುಂಗಾರು ಶುರುವಾದಾಗಿನಿಂದ ನೀರು ಕುಡಿದ ಗೋಡೆಗಳು ಅತಿ ಭಾರವಾಗಿ, ಅತಿ ಮೆತ್ತಗಾಗಿ ಇರುವ ಕಾಲ ಅದು. ಹಳೆಯ ಕಟ್ಟಡ ಬಿದ್ದ ಸುದ್ದಿ ಬಂದಾಗಲೆಲ್ಲ ನಾನು ಮೊದಲು ನೋಡುವುದು ವಯಸ್ಸನ್ನಲ್ಲ. ಮಳೆನೀರಿನ ಕೊಳವೆ ಕಟ್ಟಿಕೊಂಡಿತ್ತೇ, ಮೋಟುಗೋಡೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿತ್ತೇ, ಒಳಗೆ ಯಾರಾದರೂ ಗೋಡೆ ತೆಗೆದಿದ್ದರೇ, ಮೇಲೆ ಹೊಸ ಭಾರ ಹೇರಿದ್ದರೇ, ಮೊದಲು ಎಷ್ಟು ವರ್ಷ ದೂರು ಬಂದಿತ್ತು ಎಂದು. ನಾನು ಪರಿಶೀಲಿಸಿದ ಮನೆಗಳಲ್ಲಿ ಇವುಗಳಲ್ಲಿ ಎರಡು ಮೂರಾದರೂ ಕೂಡಿಬರದೆ ಗೋಡೆ ಬಿದ್ದದ್ದನ್ನು ನಾನು ಕಂಡಿಲ್ಲ. ನಿಮ್ಮ ಪತ್ರದಲ್ಲಿ ಮೂರು ಇವೆ. ಆದ್ದರಿಂದಲೇ ಟ್ಯಾಂಕ್ ಖಾಲಿ ಮಾಡಿ ಎಂದು ಮೊದಲ ಸಾಲಿನಲ್ಲೇ ಬರೆದೆ.

ಈಗ ನಿಮ್ಮ ಮಾಳಿಗೆಯ ಒಳಗೇನಿದೆ ಎಂದು ಹೇಳುತ್ತೇನೆ, ಏಕೆಂದರೆ ಮುಂದಿನ ತೀರ್ಮಾನವೆಲ್ಲ ಅದರ ಮೇಲೆ ನಿಂತಿದೆ. 1924ರ ಮೈಸೂರಿನ ಮನೆಯೆಂದರೆ ಬಹುಮಟ್ಟಿಗೆ ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ಜಂತೆಗಳ ಸಾಲು. ಅವುಗಳ ಮೇಲೆ ಒಂದಿಂಚು ದಪ್ಪದ ಚಿಕ್ಕ ಇಟ್ಟಿಗೆಗಳನ್ನು ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಿನಲ್ಲಿ ಗಾರೆಗೆ ಕೂಡಿಸುತ್ತಿದ್ದರು. ಕೆಳಗಿನಿಂದ ತಲೆ ಎತ್ತಿ ನೋಡಿದರೆ, ಸುಣ್ಣ ಉದುರಿದ ಕಡೆ, ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಮೂರ್ನಾಲ್ಕು ಇಂಚಿನ ಪದರ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಹಲಗೆ ಪುಟಿಯುವಷ್ಟು ಗಟ್ಟಿಯಾದ ಮೇಲೆಯೇ ನಿಲ್ಲಿಸುತ್ತಿದ್ದುದು. ಕೊನೆಗೆ ಸುಟ್ಟ ಮಣ್ಣಿನ ಚಪ್ಪಟೆ ಬಿಲ್ಲೆಗಳು, ನೀರು ಹರಿಯಲು ಒಂದು ಕಡೆ ಇಳಿಜಾರು.

ಈ ಮಾಳಿಗೆಗೆ ಸಾವು ಬರುವುದು ನಡುವಿನಿಂದಲ್ಲ, ತುದಿಯಿಂದ. ಕೆಲವು ವರ್ಷದ ಹಿಂದೆ ಒಂದು ಅಗ್ರಹಾರದ ಮನೆಗೆ ಕರೆದಿದ್ದರು. ಮಾಳಿಗೆ ಎರಡು ಬೆರಳಷ್ಟು ತಗ್ಗಿತ್ತು. ಜಂತೆಗಳು ಕೆಳಗಿನಿಂದ ನೋಡಲು ಕಡುಗಂದು, ಒಂದು ಸೀಳಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನುತ್ತಿದ್ದವು. ಮನೆಯವರು ಮರ ಎಷ್ಟು ಚೆನ್ನಾಗಿದೆ ನೋಡಿ ಎಂದರು. ಏಣಿ ಹಾಕಿ, ಗೋಡೆಯೊಳಕ್ಕೆ ಜಂತೆ ನುಗ್ಗುವ ಜಾಗದಲ್ಲಿ ಅರ್ಧ ಅಡಿ ಗಿಲಾವು ಕೆತ್ತಿಸಿದೆ. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ತುದಿಗೆ ಕಾಫಿ ಪುಡಿಯಂಥ ಒದ್ದೆ ಹುಡಿ ಅಂಟಿತ್ತು. ಗೋಡೆಯ ತೇವ ಕುಡಿದು ಕುಡಿದು ಜಂತೆಯ ತುದಿ ಕೊಳೆತಿತ್ತು, ಹಿಂದೆಯೇ ಗೆದ್ದಲು ಬಂದಿತ್ತು. ಹನ್ನೊಂದು ಜಂತೆಗಳಲ್ಲಿ ನಾಲ್ಕರ ತುದಿ ಹೋಗಿದ್ದವು, ಏಳು ನೆಟ್ಟಗಿದ್ದವು. ಆ ನಾಲ್ಕಕ್ಕೆ ಕೆಟ್ಟ ತುದಿ ಕತ್ತರಿಸಿ, ಹಳೆಯ ಮನೆಯೊಂದರಿಂದ ಸಿಕ್ಕ ತೇಗವನ್ನು ಎರಡೂ ಮಗ್ಗುಲಿಗೆ ಬೋಲ್ಟ್ ಹಾಕಿ ಕೂಡಿಸಿದೆವು. ಮಾಳಿಗೆ ಪೂರ್ತಿ ಕೀಳಲಿಲ್ಲ. ನಿಮ್ಮ ಹಿಂಬದಿಯ ಕೋಣೆಯಲ್ಲಿ ಎಷ್ಟು ತುದಿ ಹೋಗಿವೆ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಅರ್ಧ ದಿನದ ಕೆಲಸದಲ್ಲಿ ಅದು ತಿಳಿಯುತ್ತದೆ. ಅದನ್ನು ನೋಡದೆ ಕೊಡುವ ಯಾವ ಅಭಿಪ್ರಾಯಕ್ಕೂ ಬೆಲೆಯಿಲ್ಲ, ಉಳಿಸಿ ಎನ್ನುವ ಅಭಿಪ್ರಾಯಕ್ಕೂ ಸೇರಿದಂತೆ.

ಸಿಮೆಂಟು ಹಾಕಿಸಿದ ಮೇಲೆ ಸೋರುವ ಜಾಗ ಬದಲಾಯಿತು ಎಂದಿದ್ದೀರಿ. ಅದು ಸಹಜ. ಬಿಸಿಲಿಗೆ, ಚಳಿಗೆ ಮರ ಮತ್ತು ಸುಣ್ಣ ಸ್ವಲ್ಪ ಸ್ವಲ್ಪ ಅಲುಗಾಡುತ್ತವೆ. ಸಿಮೆಂಟು ಹಾಗೆ ಬಾಗದೆ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಸಿಮೆಂಟಿನಡಿ ಸಿಕ್ಕಿಕೊಂಡು, ದಾರಿ ಹುಡುಕುತ್ತ ಬೇರೆಲ್ಲೋ ಹೊರಬರುತ್ತದೆ. ಮೊದಲು ನೆನೆದ ಸುಣ್ಣ ಬೇಸಿಗೆಯಲ್ಲಿ ಒಣಗುತ್ತಿತ್ತು. ಈಗ ಮೇಲೆ ಮುಚ್ಚಳ ಬಿದ್ದಿದೆ, ಒಣಗುವುದೇ ಇಲ್ಲ. ಗೋಡೆಗೂ ಇದೇ ಮಾತು. ಈ ತಪ್ಪನ್ನು ನಾನೇ ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಹಳೆಯ ಮನೆಯ ಗೋಡೆಯ ಬುಡ ಉಪ್ಪೇಳುತ್ತಿತ್ತು. ಮೇಲೆ ಸಿಮೆಂಟು ಗಿಲಾವು ಹಾಕಿಸಿದೆ. ಮೂರನೆಯ ಮಳೆಗಾಲಕ್ಕೆ ತೇವ ನಾಲ್ಕಡಿ ಮೇಲಕ್ಕೇರಿ, ಒಳಗಿನ ಇಟ್ಟಿಗೆ ಹುಡಿ ಹುಡಿಯಾಗಿ ಉದುರಿತು. ಆ ಮನೆಯವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಂದಿನಿಂದ ಸುಣ್ಣದ ಗೋಡೆಗೆ ಸಿಮೆಂಟು ಮುಟ್ಟಿಸಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ.

ಕೆಲವರು ಹಳೆಯ ಮಾಳಿಗೆ ತೆಗೆದು ಹಳೆಯ ಗೋಡೆಯ ಮೇಲೆಯೇ ಕಾಂಕ್ರೀಟ್ ಚಪ್ಪಡಿ ಹಾಕಿ ಎನ್ನುತ್ತಾರೆ. ನಿಮಗೂ ಯಾರಾದರೂ ಹೇಳುತ್ತಾರೆ. ಹತ್ತಡಿಗೆ ಹತ್ತಡಿ ಕೋಣೆಗೆ ಐದಿಂಚಿನ ಚಪ್ಪಡಿ ಹಾಕಿದರೆ ಸುಮಾರು ಮೂರು ಟನ್. ಒಣಗಿದ ಗಟ್ಟಿ ಗೋಡೆ ಅದನ್ನು ಹೊತ್ತೀತು. ಆದರೆ ಬುಡ ಒದ್ದೆಯಿರುವ, ಕೆಳಗೆ ಒಂದು ಭಾಗ ತೆಗೆದಿರುವ ಗೋಡೆಯ ಮೇಲೆ ಅದು ಬೇಡ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಕಲಕಿದ್ದು ಮೂರು ಮೆಟ್ಟಿಲು ಒಂದಾದ ಸಂಗತಿ. ಹಳೆಯ ಪೇಟೆಗಳ ದೊಡ್ಡ ರೋಗ ಅದು, ಆದರೆ ಯಾವ ವರದಿಯಲ್ಲೂ ಬರುವುದಿಲ್ಲ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದೆ ಮೇಲೆಯೇ ಸುರಿಯುತ್ತಾರೆ. ರಸ್ತೆ ಮೇಲೇರುತ್ತ ಹೋಗುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ನಿಮ್ಮ ತಾತನ ಕಾಲದಲ್ಲಿ ಜಗಲಿಯ ಕಲ್ಲು ಬೀದಿಯ ನೀರಿನಿಂದ ಒಂದೂವರೆ ಅಡಿ ಮೇಲಿತ್ತು. ಪಾಯದ ಕಲ್ಲಿನವರೆಗೆ ನೀರು ಬಂದರೂ ಮೇಲಿನ ಇಟ್ಟಿಗೆಗೆ ತಗುಲುತ್ತಿರಲಿಲ್ಲ. ಈಗ ಬೀದಿಯ ನೀರು ನೇರವಾಗಿ ಇಟ್ಟಿಗೆಗೆ ಸಿಗುತ್ತದೆ. ಮುಂದಿನ ಸಲ ರಸ್ತೆ ಕೆಲಸಕ್ಕೆ ಬಂದಾಗ ಬೀದಿಯವರೆಲ್ಲ ಸೇರಿ, ಹಳೆಯ ಪದರ ಕೆರೆದು ಹಾಕಿ ಎಂದು ಪಾಲಿಕೆಗೆ ಲಿಖಿತವಾಗಿ ಕೊಡಿ. ಅದಕ್ಕೆಂದೇ ಯಂತ್ರವಿದೆ, ದೊಡ್ಡ ರಸ್ತೆಗಳಲ್ಲಿ ಬಳಸುತ್ತಾರೆ. ಪಾರಂಪರಿಕ ನಗರ ಎಂದು ಕಾರಂಜಿ, ಅಲಂಕಾರದ ದೀಪ ಹಾಕುವುದಕ್ಕಿಂತ ಇದೊಂದು ಕೆಲಸ ನಿಮ್ಮ ಬೀದಿಯ ಹತ್ತು ಮನೆಗಳನ್ನು ಉಳಿಸುತ್ತದೆ.

ಪಾರಂಪರಿಕ ಪಟ್ಟಿಯ ಬಗ್ಗೆ ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ತಪ್ಪು, ಅರ್ಧ ಸರಿ. ತಪ್ಪು ಏನೆಂದರೆ, ಪಟ್ಟಿಗೆ ಸೇರಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಮನೆ ನಿಮ್ಮದೇ, ಮಾರಬಹುದು, ಬಾಡಿಗೆಗೆ ಕೊಡಬಹುದು, ವಿಭಾಗ ಮಾಡಿಕೊಳ್ಳಬಹುದು. ಜನ ಎರಡು ಬೇರೆ ವಿಷಯಗಳನ್ನು ಗೊಂದಲ ಮಾಡಿಕೊಳ್ಳುತ್ತಾರೆ. 1958ರ ಕೇಂದ್ರದ ಕಾಯ್ದೆ, 1961ರ ರಾಜ್ಯದ ಕಾಯ್ದೆಗಳಡಿ ಸಂರಕ್ಷಿತ ಸ್ಮಾರಕ ಎಂದು ಘೋಷಿಸುವುದು ಒಂದು. ಕೇಂದ್ರದ ಸ್ಮಾರಕವಾದರೆ ಸುತ್ತ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ವಲಯ. ನಗರ ಯೋಜನೆಯ ಅಡಿ ಪಾರಂಪರಿಕ ಕಟ್ಟಡ ಎಂದು ಗುರುತಿಸುವುದು ಇನ್ನೊಂದು. ನಿಮ್ಮಂಥ ಮನೆಗಳಿಗೆ ಬರುವುದು ಎರಡನೆಯದು. ಅದರಲ್ಲಿ ಕೆಡವುವುದಕ್ಕೆ, ಮುಂಭಾಗ ಬದಲಿಸುವುದಕ್ಕೆ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ಸೋರುವ ಮಾಳಿಗೆ ದುರಸ್ತಿ ಮಾಡಿಸಿಕೊಳ್ಳುವುದನ್ನು ಯಾರೂ ತಡೆಯುವುದಿಲ್ಲ. ಮೊಳೆ ಹೊಡೆಯಲೂ ಅನುಮತಿ ಬೇಕು ಎಂಬುದು ಕಟ್ಟುಕಥೆ.

ಸರಿ ಏನೆಂದರೆ, ಹೊಣೆಯೆಲ್ಲ ಮಾಲೀಕನ ಮೇಲೆ ಬೀಳುತ್ತದೆ, ಕೈಗೆ ಬರುವ ನೆರವು ತೀರಾ ಕಡಿಮೆ. ಮುಂಬೈ 1995ರಲ್ಲೇ ದೇಶದಲ್ಲಿ ಮೊದಲು ನಗರ ಪರಂಪರೆಗೆ ನಿಯಮ ಮಾಡಿ, ಕಟ್ಟಡಗಳಿಗೆ ಮೂರು ದರ್ಜೆ ಕೊಟ್ಟು, ಯಾವ ದರ್ಜೆಗೆ ಎಷ್ಟು ಬದಲಾವಣೆ ಎಂದು ಬರೆದಿಟ್ಟಿತು. ಅಹಮದಾಬಾದಿನಲ್ಲಿ ಹಳೆಯ ಮನೆ ಉಳಿಸಿಕೊಂಡವರು, ತಾವು ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಿ, ಆ ಹಣದಿಂದ ಮನೆ ದುರಸ್ತಿ ಮಾಡಿಸಿಕೊಳ್ಳುವ ವ್ಯವಸ್ಥೆಯಿದೆ. ಮೈಸೂರಿನ ಖಾಸಗಿ ಮಾಲೀಕನಿಗೆ ಅಷ್ಟು ಗಟ್ಟಿಯಾದ ಆಸರೆ ಸಿಗಬೇಕು ಎಂದು ನಾನು ಸಭೆ ಸಭೆಯಲ್ಲೂ ಹೇಳುತ್ತಿದ್ದೇನೆ. ಬರಿಯ ಅಭಿಮಾನದಿಂದ ಜಂತೆ ಬದಲಿಸಲಾಗುವುದಿಲ್ಲ. ನಿಮ್ಮ ತಮ್ಮನ ಸಿಟ್ಟಿನ ಈ ಭಾಗಕ್ಕೆ ನನ್ನ ಪೂರ್ತಿ ಸಹಮತವಿದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಕೆಡವಿ ಕಟ್ಟುವುದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದರ ಲೆಕ್ಕವನ್ನು ಬಹಳ ಜನ ತಪ್ಪಾಗಿ ಹಾಕುತ್ತಾರೆ. ನಿಮ್ಮ ಮನೆ ಈಗ ಬೀದಿಯಂಚಿಗೆ, ಪಕ್ಕದ ಗೋಡೆಗೆ ತಾಗಿ ನಿಂತಿದೆ. ಕೆಡವಿದ ಮರುಕ್ಷಣ ಅದು ಖಾಲಿ ನಿವೇಶನ. ಹೊಸ ನಕ್ಷೆಗೆ ಇಂದಿನ ನಿಯಮ: ಮುಂದೆ ಹಿಂದೆ ಜಾಗ ಬಿಡಬೇಕು, ವಾಹನ ನಿಲುಗಡೆ ತೋರಿಸಬೇಕು, ಎಷ್ಟು ಅಂತಸ್ತು ಎಂಬುದು ರಸ್ತೆಯ ಅಗಲಕ್ಕೆ ತಕ್ಕಂತೆ. ಕಿರಿದಾದ ಬೀದಿಯಲ್ಲಿ, ಉದ್ದ ಜಾಸ್ತಿ ಅಗಲ ಕಡಿಮೆ ಇರುವ ನಿವೇಶನದಲ್ಲಿ, ಕಾನೂನಿನಂತೆ ಕಟ್ಟಿದರೆ ಈಗಿರುವ ಮಳಿಗೆಯ ಜಾಗಕ್ಕಿಂತ ಕಡಿಮೆ ಸಿಕ್ಕ ಉದಾಹರಣೆಗಳನ್ನು ಕಂಡಿದ್ದೇನೆ. ಕಾನೂನು ಮೀರಿ ಕಟ್ಟಿದವರು ಆಮೇಲೆ ಸಾಲಕ್ಕೆ, ಮಾರಾಟಕ್ಕೆ ಹೋದಾಗ ಪಟ್ಟ ಪಾಡನ್ನೂ ಕಂಡಿದ್ದೇನೆ. ತಮ್ಮನಿಗೆ ಹೇಳಿ: ಕೆಡವುವ ಮೊದಲು, ಅನುಮೋದನೆ ಸಿಗುವಂಥ ನಕ್ಷೆಯನ್ನು ಒಬ್ಬ ವಾಸ್ತುಶಿಲ್ಪಿಯಿಂದ ಕಾಗದದ ಮೇಲೆ ಬರೆಸಿ ತರಲಿ. ಚದರಡಿ ಲೆಕ್ಕ ಅಲ್ಲೇ ಕಾಣುತ್ತದೆ. ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆಯಿದ್ದರೆ, ಒಂದನ್ನು ಕೆಡವಿದಾಗ ಇನ್ನೊಂದು ಆಸರೆ ತಪ್ಪಿ ವಾಲುವ ಅಪಾಯವೂ ಉಂಟು. ಅದರ ಹೊಣೆ ನಿಮ್ಮದಾಗುತ್ತದೆ.

ಮುಂಭಾಗ ಮಾತ್ರ ಉಳಿಸಿ ಹಿಂದೆ ಕಾಂಕ್ರೀಟ್ ಕಟ್ಟುವ ಮಧ್ಯದ ದಾರಿಯನ್ನು ಕೆಲವರು ಸೂಚಿಸುತ್ತಾರೆ. ಖರ್ಚು ಎರಡರದ್ದೂ ಬೀಳುತ್ತದೆ, ಮನೆ ಮಾತ್ರ ಉಳಿಯುವುದಿಲ್ಲ. ನಾನು ಸಲಹೆ ಮಾಡುವುದಿಲ್ಲ.

ಉಳಿದದ್ದು ದುರಸ್ತಿ. ಇದನ್ನು ಎರಡು ಹಂತದಲ್ಲಿ ಮಾಡಿ ಎನ್ನುತ್ತೇನೆ. ಮೊದಲ ಹಂತ ನೀರು ಮತ್ತು ಭಾರ: ಟ್ಯಾಂಕ್ ಇಳಿಸುವುದು, ಸಿಮೆಂಟಿನ ಪದರಗಳನ್ನು ಯಂತ್ರ ಬಳಸದೆ ಕೈಯಿಂದ ಬಿಡಿಸುವುದು, ಮಾಳಿಗೆಯ ಇಳಿಜಾರು ಸರಿಮಾಡುವುದು, ಕೊಳವೆ ದೊಡ್ಡದು ಮಾಡುವುದು, ಜಂತೆಯ ತುದಿ ನೋಡುವುದು, ತೆಗೆದ ಗೋಡೆಯ ಜಾಗಕ್ಕೆ ಸರಿಯಾದ ತೊಲೆ ಮತ್ತು ಅದರ ಎರಡೂ ತುದಿಗೆ ಭಾರ ಹರಡುವ ಕಲ್ಲಿನ ದಿಂಬು. ಹಳೆಯ ವೈರಿಂಗ್ ಪೂರ್ತಿ ಬದಲಿಸುವುದೂ ಇದರಲ್ಲೇ ಸೇರಲಿ. ಮರದ ಮನೆಗೆ ಬೆಂಕಿಯೇ ದೊಡ್ಡ ವೈರಿ. 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಮೈಸೂರಿನ ಹಳೆಯ ಮರದ ಅರಮನೆಯೇ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಮುಗಿದದ್ದು ಆ ಬೆಂಕಿಯಿಂದಾಗಿಯೇ. ಈ ಹಂತ ಮುಗಿಸಿ ಒಂದು ಮಳೆಗಾಲ, ಒಂದು ಬೇಸಿಗೆ ಗೋಡೆ ಒಣಗಲು ಬಿಡಿ. ಎರಡನೆಯ ಹಂತದಲ್ಲಿ ಸುಣ್ಣದ ಗಿಲಾವು, ಬಾಗಿಲು ಕಿಟಕಿ, ಮೇಲಿನ ಅಂತಸ್ತನ್ನು ಏನು ಮಾಡುವುದು ಎಂಬ ಯೋಚನೆ. ಕಚೇರಿಗೆ ಕೊಡಬಹುದು, ಪ್ರವಾಸಿಗರಿಗೆ ಎರಡು ಕೋಣೆ ಬಿಡಬಹುದು. ನೀವು ಅಲ್ಲೇ ವಾಸಿಸುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಅಪಾಯಗಳನ್ನೂ ಮುಚ್ಚಿಡುವುದಿಲ್ಲ. ಗಿಲಾವು ಬಿಚ್ಚಿದ ಮೇಲೆ ಕೆಲಸ ಹೆಚ್ಚುತ್ತದೆ. ಅಂದಾಜಿನ ಮೇಲೆ ಕನಿಷ್ಠ ಕಾಲುಭಾಗ ಬೇರೆ ಎತ್ತಿಡಿ. ಸುಣ್ಣ ಬಲ್ಲ ಗಾರೆ ಮೇಸ್ತ್ರಿಗಳು ವಿರಳ. ಸುಣ್ಣ ಗೊತ್ತು ಎಂದು ಬಂದು, ಬೇಗ ಗಟ್ಟಿಯಾಗಲೆಂದು ಗುಟ್ಟಾಗಿ ಸಿಮೆಂಟು ಬೆರೆಸುವವರಿದ್ದಾರೆ. ಕಲಸುವಾಗ ಮನೆಯವರು ಒಬ್ಬರು ನಿಂತಿರಬೇಕು. ಜಂತೆಯ ತುದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ, ಅಥವಾ ಗೋಡೆಯೇ ದಾರಕ್ಕೆ ಕಟ್ಟಿ ಇಳಿಬಿಟ್ಟ ತೂಕದ ಗುಂಡಿಗೆ ಹೊಂದದೆ ವಾಲಿದ್ದರೆ, ಆ ಕೋಣೆಯನ್ನು ಬಿಚ್ಚಿ ಮತ್ತೆ ಕಟ್ಟಬೇಕಾದೀತು. ಅಂಥ ಸಂದರ್ಭದಲ್ಲಿ ನಾನೂ ಬಿಚ್ಚಿ ಎಂದೇ ಹೇಳುತ್ತೇನೆ. ಆದರೆ ಒಂದು ಕೋಣೆಗಾಗಿ ಮನೆಯನ್ನೆಲ್ಲ ಕೆಡವಬೇಕಿಲ್ಲ. ಪಾಲಿಕೆಯಿಂದ ಶಿಥಿಲ ಕಟ್ಟಡದ ನೋಟಿಸ್ ಬಂದರೂ ಗಾಬರಿ ಬೇಡ. ಕಾಯ್ದೆಯಲ್ಲಿ ಕೆಡವುವುದರ ಜೊತೆಗೆ ದುರಸ್ತಿ ಮಾಡಿಸುವುದಕ್ಕೂ ಅವಕಾಶವಿದೆ. ದುರಸ್ತಿಯ ಯೋಜನೆಯೊಂದಿಗೆ ಕೂಡಲೇ ಲಿಖಿತ ಉತ್ತರ ಕೊಡಿ.

ಬಾಡಿಗೆದಾರರ ವಿಷಯ ನಾಜೂಕು. ನಡುವಿನ ಮಳಿಗೆಯವರು ನಿಮ್ಮ ಒಪ್ಪಿಗೆಯಿಲ್ಲದೆ ಗೋಡೆ ತೆಗೆದಿದ್ದರೆ, ಫೋಟೋ ತೆಗೆದು, ದಿನಾಂಕ ಹಾಕಿ, ಪತ್ರ ಕೊಟ್ಟು ದಾಖಲೆ ಮಾಡಿಟ್ಟುಕೊಳ್ಳಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮ್ಮ ಮಳಿಗೆಗಳಿಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿ. ಆದರೆ ನ್ಯಾಯಾಲಯಕ್ಕೆ ಹೋಗುವ ಮೊದಲು ಮೂವರನ್ನೂ ಮೇಲಿನ ಆ ಕೋಣೆಗೆ ಕರೆದುಕೊಂಡು ಹೋಗಿ ಬಿರುಕು ತೋರಿಸಿ. ಅವರ ತಲೆಯ ಮೇಲಿರುವುದು ಅದು. ಎರಡು ತಿಂಗಳು ಅಂಗಡಿ ಮುಚ್ಚಿದರೆ ಅದೇ ಜಾಗಕ್ಕೆ ಮರಳಿ ಬರಬಹುದು ಎಂದು ಕಾಗದದಲ್ಲಿ ಬರೆದುಕೊಟ್ಟರೆ ಒಪ್ಪುವ ಬಾಡಿಗೆದಾರರೇ ಹೆಚ್ಚು. ಅವರ ಭಯ ದುರಸ್ತಿಯದಲ್ಲ, ಅದರ ನೆಪದಲ್ಲಿ ಎಬ್ಬಿಸಿಬಿಡುತ್ತಾರೆ ಎಂಬುದು.

ಕೊನೆಯ ಪ್ರಶ್ನೆ: ಈ ಪೇಟೆ ಮತ್ತೆ ಚೇತರಿಸಿಕೊಳ್ಳುತ್ತದೆಯೇ? ಪುದುಚೇರಿಯಲ್ಲಿ ವೈಶ್ಯಾಳ್ ಬೀದಿ ಎಂಬುದಿದೆ. 2000ದ ದಶಕದ ಆರಂಭದಲ್ಲಿ ಅಲ್ಲಿನ ತಮಿಳು ಮನೆಗಳ ಮುಂಭಾಗಗಳನ್ನು, ಸಾಲು ಜಗಲಿಗಳನ್ನು ಮನೆಯವರ ಜೊತೆಗೂಡಿ ಮರಳಿ ಕಟ್ಟಿದರು. ಒಂದು ಮನೆಯಲ್ಲ, ಬೀದಿಗೆ ಬೀದಿಯೇ. ಅದೇ ಊರಿನ ಹಳೆಯ ಪುರಭವನ 2014ರ ನವೆಂಬರ್ ಮಳೆಯಲ್ಲಿ ಪೂರ್ತಿ ಕುಸಿಯಿತು. ಬಿದ್ದದ್ದನ್ನು ಅದೇ ರೂಪದಲ್ಲಿ ಕಟ್ಟಿ 2021ರಲ್ಲಿ ಮತ್ತೆ ತೆರೆದರು. ಅಹಮದಾಬಾದಿನಲ್ಲಿ 1997ರಲ್ಲಿ ಪಾಲಿಕೆಯೇ ಮುಂಜಾನೆಯ ಪರಂಪರೆ ನಡಿಗೆ ಶುರು ಮಾಡಿತು. ಇಪ್ಪತ್ತು ವರ್ಷದ ಮೇಲೆ, 2017ರಲ್ಲಿ, ಆ ಹಳೆಯ ಊರು ವಿಶ್ವ ಪರಂಪರೆಯ ನಗರವಾಯಿತು, ದೇಶದಲ್ಲೇ ಮೊದಲನೆಯದು. ಅಲ್ಲೂ ಎಷ್ಟೋ ಮನೆಗಳು ಬೀಗ ಬಿದ್ದು ಗೋದಾಮುಗಳಾಗಿವೆ. ಚೇತರಿಕೆ ಎಂದರೆ ಎಲ್ಲವೂ ಉಳಿಯಿತು ಎಂದಲ್ಲ.

ಮೈಸೂರಿಗೆ ಒಂದು ಅನುಕೂಲವಿದೆ, ಅದನ್ನು ನಾವು ಗಮನಿಸುವುದಿಲ್ಲ: ನಮ್ಮ ಹಳೆಯ ಪೇಟೆ ಇನ್ನೂ ಸತ್ತೇ ಇಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ದಸರೆಯ ಮೆರವಣಿಗೆ ಸಾಗುತ್ತದೆ, ಉಳಿದ ದಿನ ಊರೆಲ್ಲ ಅಲ್ಲಿಗೇ ಖರೀದಿಗೆ ಬರುತ್ತದೆ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆ ಒಂದೇ ಸೂರಿನಡಿ ಸಿಗುವ ದೇವರಾಜ ಮಾರುಕಟ್ಟೆ ನಿಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಅದನ್ನು ಕೆಡವಬೇಕೇ, ಉಳಿಸಬೇಕೇ ಎಂಬ ವಾದ ನ್ಯಾಯಾಲಯದವರೆಗೆ ಹೋಗಿ ವರ್ಷಗಟ್ಟಲೆ ಎಳೆದಾಡಿತು. ಆ ಅಷ್ಟೂ ದಿನ ಹೂವಿನವರು ಬೆಳಗಿನ ಜಾವಕ್ಕೇ ಬಂದು ಬುಟ್ಟಿ ಇಳಿಸುತ್ತಿದ್ದರು. ವ್ಯಾಪಾರ ಇರುವ ಪೇಟೆಗೆ ಬೇಕಾದದ್ದು ಮಾಳಿಗೆ ಸೋರದಿರುವುದು, ಚರಂಡಿ ಹರಿಯುವುದು, ಮೇಲಿನ ಅಂತಸ್ತುಗಳಲ್ಲಿ ರಾತ್ರಿ ದೀಪ ಉರಿಯುವುದು. ಜನ ವಾಸವಿಲ್ಲದ ಮೇಲಂತಸ್ತಿನ ಸೋರಿಕೆಯನ್ನು ಯಾರೂ ಗಮನಿಸುವುದಿಲ್ಲ. ನೀವು ಮತ್ತು ನಿಮ್ಮ ತಾಯಿ ಅಲ್ಲಿ ಇರುವುದರಿಂದಲೇ ಆ ಬಿರುಕು ಕಣ್ಣಿಗೆ ಬಿತ್ತು.

ಆ ಬಿರುಕಿಗೆ ಅಡ್ಡಲಾಗಿ ಒಂದು ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ದಿನಾಂಕ ಬರೆಯಿರಿ. ಗೋಡೆ ಇನ್ನೂ ಚಲಿಸುತ್ತಿದ್ದರೆ ಗಾಜು ಸೀಳುತ್ತದೆ. ಸೀಳಿದ ದಿನವೇ ಮನೆ ಮತ್ತು ಕೆಳಗಿನ ಮಳಿಗೆ ಎರಡನ್ನೂ ಖಾಲಿ ಮಾಡಿ ಇಂಜಿನಿಯರಿಗೆ ಕರೆ ಮಾಡಿ. ಸೀಳದಿದ್ದರೆ ಬಿರುಕು ಬಹುಶಃ ಹಳೆಯದು, ನಿಂತುಹೋದದ್ದು, ನಿಮಗೆ ಯೋಚಿಸಲು ಸಮಯವಿದೆ. ತಮ್ಮನನ್ನು ಹಬ್ಬಕ್ಕೆ ಕರೆಯುವ ಬದಲು ಜೋರು ಮಳೆಯ ದಿನ ಕರೆಸಿಕೊಳ್ಳಿ. ಮಳೆ ನಿಂತ ಕೂಡಲೇ ಅಕ್ಕತಮ್ಮಂದಿರು ಕೆಳಗೆ ಬೀದಿಯಲ್ಲಿ ನಿಂತು ಮೇಲೆ ನೋಡಿ: ಮಾಳಿಗೆಯ ನೀರು ಕೊಳವೆಯಿಂದ ಬರುತ್ತಿದೆಯೋ, ಗೋಡೆಯ ಮೇಲೆ ಇಳಿಯುತ್ತಿದೆಯೋ? ಎಲ್ಲಿ ಗೋಡೆ ಕಪ್ಪಾಗಿದೆಯೋ ಅಲ್ಲಿ ಒಂದು ಫೋಟೋ ತೆಗೆದು ನನಗೆ ಕಳುಹಿಸಿ.